ಒಂದು ವಿಳಾಸ, ಹತ್ತು ಫೋನು

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಉಮದಿಯಲ್ಲಿ, ವೈಫೈ ಇರುವ ಮನೆಯೊಂದರಲ್ಲಿ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡಿದರೆ, ಆ ಫೋನಿನ ಇಂಟರ್ನೆಟ್ ವಿಳಾಸವೆಂದು ಸಾಮಾನ್ಯವಾಗಿ 192.168.1.5ರಂಥ ಒಂದು ಸಂಖ್ಯೆ ಕಾಣುತ್ತದೆ. ಗಡಿಯಾಚೆ ಚಡಚಣದ ಮನೆಯಲ್ಲೂ ಅದೇ ಸಂಖ್ಯೆಯ ಫೋನು ಇರಬಹುದು. ವಿಜಯಪುರದಲ್ಲಿ, ಪುಣೆಯಲ್ಲಿ, ಲಂಡನ್ನಿನಲ್ಲಿ ಕೂಡ ಇರಬಹುದು. ಒಂದೇ ವಿಳಾಸ ಇಷ್ಟು ಕಡೆ ಇದ್ದರೂ ಉಮದಿಯ ವಿದ್ಯಾರ್ಥಿನಿ ಕೇಳಿದ ಪಾಠ ಉಮದಿಗೇ ಬರುತ್ತದೆ. ಅದೇ ಪಡಸಾಲೆಯಲ್ಲಿ ಕೂತು ಅಣ್ಣ ನೋಡುತ್ತಿರುವ ಕ್ರಿಕೆಟ್ ಅವಳ ಪರದೆಯ ಮೇಲೆ ಬರುವುದಿಲ್ಲ, ಅವಳ ಪಾಠ ಅವನ ಫೋನಿಗೆ ಹೋಗುವುದಿಲ್ಲ. ಮನೆಗೆ ಬಂದಿರುವ ತಂತಿ ಒಂದೇ, ಹೊರಗಿನವರಿಗೆ ಕಾಣುವ ವಿಳಾಸವೂ ಒಂದೇ. ಹಾಗಾದರೆ ಯಾರ ಪಾಲು ಯಾರಿಗೆ ಎಂದು ವಿಂಗಡಿಸುವವರು ಯಾರು?

ವಿಂಗಡಿಸುವುದು ರೂಟರ್ ಎಂಬ ಡಬ್ಬಿ. ಅದು ಮುಚ್ಚಿದ ವಸ್ತು. ಬಿಚ್ಚಿ ನೋಡಿದರೂ ಒಳಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಅರಿಯಲು ಒಂದು ಒಳ್ಳೆಯ ಹಾದಿಯಿದೆ. ಒಂದು ಚಿಕ್ಕ ಗಣಕವನ್ನು ತೆಗೆದುಕೊಂಡು ರೂಟರಿನ ಕೆಲಸಗಳನ್ನು ಒಂದೊಂದಾಗಿ ಅದಕ್ಕೆ ಒಪ್ಪಿಸುತ್ತ ಹೋಗುವುದು. ಕೊನೆಯ ಕೆಲಸ ಒಪ್ಪಿಸುವ ಹೊತ್ತಿಗೆ ಮನೆಗೊಂದು ರೂಟರೂ ಸಿದ್ಧವಾಗಿರುತ್ತದೆ, ಪ್ರಶ್ನೆಗೆ ಉತ್ತರವೂ ಸಿಕ್ಕಿರುತ್ತದೆ.

ಅಂಗೈಯಗಲದ ಗಣಕ

ಒಂದೇ ಹಲಗೆಯ ಮೇಲೆ ಸಂಸ್ಕಾರಕ, ನೆನಪು, ತಂತಿ ಸಿಕ್ಕಿಸುವ ಕಿಂಡಿಗಳು ಎಲ್ಲವೂ ಕೂತಿರುವ ಯಂತ್ರವನ್ನು ಏಕಫಲಕ ಗಣಕ ಎನ್ನಬಹುದು. ಇವುಗಳಲ್ಲಿ ಹೆಚ್ಚು ಹೆಸರಾದದ್ದು ರಾಸ್ಪ್‌ಬೆರಿ ಪೈ. ಮಕ್ಕಳು ಕಡಿಮೆ ಖರ್ಚಿನಲ್ಲಿ ಪ್ರೋಗ್ರಾಮಿಂಗ್ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು ಇದನ್ನು ರೂಪಿಸಿದರು. 2012ರ ಫೆಬ್ರವರಿ 29ರಂದು ಮಾರಾಟ ಆರಂಭವಾದಾಗ ಇದರ ಬೆಲೆ 35 ಡಾಲರ್. ಹಲಗೆಯ ಅಳತೆ ಸುಮಾರು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ಹಾರ್ಡ್ ಡಿಸ್ಕಿನ ಬದಲು ಉಗುರಿನಗಲದ ಮೆಮೊರಿ ಕಾರ್ಡಿನಿಂದ ಇದು ನಡೆಯುತ್ತದೆ.

ಮನೆಯ ರೂಟರ್ ಆಗಲು ಬೇಕಾದ ಗುಣಗಳು ಇದಕ್ಕೆ ಹಂತಹಂತವಾಗಿ ಬಂದವು. 2016ರ ಪೈ 3ರಲ್ಲಿ ಮೊದಲ ಬಾರಿಗೆ ವೈಫೈ ಹಲಗೆಯ ಮೇಲೆಯೇ ಬಂತು. 2018ರ 3ಬಿ ಪ್ಲಸ್ ಮಾದರಿ 5 ಗಿಗಾಹರ್ಟ್ಜ್ ವೈಫೈಯನ್ನೂ ಸೇರಿಸಿಕೊಂಡಿತು. 2019ರ ಪೈ 4ರಲ್ಲಿ ತಂತಿಯ ಕಿಂಡಿ ಪೂರ್ತಿ ಗಿಗಾಬಿಟ್ ವೇಗ ಪಡೆಯಿತು. ಹಿಂದಿನ ಮಾದರಿಗಳಲ್ಲಿ ಈ ಕಿಂಡಿ ಯುಎಸ್‌ಬಿಯ ಮೂಲಕ ಹಾದುಹೋಗುತ್ತಿದ್ದುದರಿಂದ, 3ಬಿ ಪ್ಲಸ್‌ನಲ್ಲೂ ವೇಗ ಸೆಕೆಂಡಿಗೆ 300 ಮೆಗಾಬಿಟ್ ಆಸುಪಾಸಿನಲ್ಲೇ ನಿಲ್ಲುತ್ತಿತ್ತು.

ಅಂಗಡಿಯ ರೂಟರ್ ಕೂಡ ಒಳಗೆ ಇಂಥದ್ದೇ ಗಣಕ. ಇದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರಿನಿಂದ. 2002ರ ಕೊನೆಗೆ ಬಂದ ಆ ನೀಲಿ ಡಬ್ಬಿಯೊಳಗೆ ಓಡುತ್ತಿದ್ದುದು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆ ಎಂದು ಬಳಕೆದಾರರು ಪತ್ತೆ ಹಚ್ಚಿದರು. ಲಿನಕ್ಸ್‌ನ ಪರವಾನಗಿಯ ಪ್ರಕಾರ, ಅದನ್ನು ಬಳಸಿ ಮಾರುವವರು ತಾವು ಬದಲಿಸಿದ ಪ್ರೋಗ್ರಾಮನ್ನೂ ಎಲ್ಲರಿಗೂ ಕೊಡಬೇಕು. 2003ರಲ್ಲಿ ಕಂಪನಿ ಅದನ್ನು ಬಿಡುಗಡೆ ಮಾಡಿತು. ಅದರ ಮೇಲೆಯೇ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ತಂತ್ರಾಂಶ ಬೆಳೆಯತೊಡಗಿತು. ಇಂದು ಅದು ನೂರಾರು ಬಗೆಯ ರೂಟರುಗಳ ಮೇಲೆಯೂ ರಾಸ್ಪ್‌ಬೆರಿ ಪೈ ಮೇಲೆಯೂ ಉಚಿತವಾಗಿ ಓಡುತ್ತದೆ. ಯಾವ ಗಣಕ ಮುಂದೆ ಹೇಳುವ ಕೆಲಸಗಳನ್ನು ಮಾಡುತ್ತದೋ ಅದೇ ರೂಟರ್.

ಮೊದಲ ಕೆಲಸ: ಎರಡು ಜಾಲಗಳ ನಡುವೆ ನಿಲ್ಲುವುದು

ರೂಟರಿಗೆ ಕನಿಷ್ಠ ಎರಡು ಸಂಪರ್ಕ ಬೇಕು, ಒಂದು ಹೊರಜಾಲದ ಕಡೆಗೆ, ಇನ್ನೊಂದು ಮನೆಜಾಲದ ಕಡೆಗೆ. ಪೈ ಹಲಗೆಯ ಮೇಲಿರುವ ತಂತಿಯ ಕಿಂಡಿ ಒಂದಾದರೆ ವೈಫೈ ರೇಡಿಯೊ ಎರಡನೆಯದು. ಊರೊಳಗಿನ ಮನೆಗೆ ಫೈಬರ್ ಬಂದಿದ್ದರೆ, ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಫೈಬರ್ ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಪೈಗೆ ಸಿಕ್ಕಿಸಿದರಾಯಿತು. ದ್ರಾಕ್ಷಿ, ದಾಳಿಂಬೆ ತೋಟಗಳ ನಡುವಿನ ವಸ್ತಿಗೆ ಫೈಬರ್ ತಲುಪದಿದ್ದರೆ 4ಜಿ ಡಾಂಗಲ್ ಒಂದನ್ನು ಯುಎಸ್‌ಬಿ ಕಿಂಡಿಗೆ ಹಾಕಬಹುದು. ಚಿಕ್ಕ ಯುಎಸ್‌ಬಿ ತಂತಿಯ ತುದಿಗೆ ಅದನ್ನು ಕಟ್ಟಿ, ಟವರಿನ ಸಿಗ್ನಲ್ ಚೆನ್ನಾಗಿ ಸಿಗುವ ಕಿಟಕಿಯಲ್ಲಿ ಇಡಬಹುದು.

ಸಾಮಾನ್ಯ ಗಣಕ ತನ್ನ ಹೆಸರಿಗೆ ಬಂದ ಮಾಹಿತಿಯನ್ನು ಮಾತ್ರ ಸ್ವೀಕರಿಸುತ್ತದೆ, ಬೇರೆಯವರದ್ದನ್ನು ಕೈಬಿಡುತ್ತದೆ. ರೂಟರ್ ಆಗಬೇಕಾದರೆ ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸಬೇಕು. ಲಿನಕ್ಸ್‌ನಲ್ಲಿ ಇದು ಸೊನ್ನೆಯನ್ನು ಒಂದು ಮಾಡುವಷ್ಟು ಸಣ್ಣ ಬದಲಾವಣೆ. ಓಪನ್‌ಡಬ್ಲ್ಯೂಆರ್‌ಟಿ ಇದನ್ನು ತಾನೇ ಮಾಡಿಕೊಂಡಿರುತ್ತದೆ.

ದಾಟಿಸುವ ಸರಕು ಪೊಟ್ಟಣಗಳ ರೂಪದಲ್ಲಿರುತ್ತದೆ. ಇಂಟರ್ನೆಟ್ಟಿನಲ್ಲಿ ಯಾವುದೂ ಇಡಿಯಾಗಿ ಸಾಗುವುದಿಲ್ಲ. 5 ಮೆಗಾಬೈಟಿನ ಒಂದು ಫೋಟೊ ಹೆಚ್ಚೆಂದರೆ 1,500 ಬೈಟಿನ ಪೊಟ್ಟಣಗಳಾಗಿ ಒಡೆದು ಸುಮಾರು ಮೂರೂವರೆ ಸಾವಿರ ತುಂಡುಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ತಲೆಯ ಮೇಲೆ ಕಳಿಸಿದವರ ವಿಳಾಸ ಮತ್ತು ಪಡೆಯಬೇಕಾದವರ ವಿಳಾಸ ಎರಡೂ ಇರುತ್ತವೆ. ಮನೆಯ ಹತ್ತು ಫೋನುಗಳ ಪೊಟ್ಟಣಗಳು ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಕಲಸಿಕೊಂಡು ಓಡುತ್ತಿರುತ್ತವೆ.

ಎರಡನೆಯದು: ಗಾಳಿಯಲ್ಲಿ ಜಾಲ ಹರಡುವುದು

ಫೋನಿನ ವೈಫೈ ಸಾಮಾನ್ಯವಾಗಿ ಬೇರೆ ಜಾಲಕ್ಕೆ ಸೇರಿಕೊಳ್ಳುವ ಪಾತ್ರದಲ್ಲಿರುತ್ತದೆ. ಪೈ ಇಲ್ಲಿ ಜಾಲ ನಡೆಸುವ ಪಾತ್ರ ವಹಿಸಬೇಕು. ಹೋಸ್ಟ್‌ಎಪಿಡಿ ಎಂಬ ಪ್ರೋಗ್ರಾಮು ಆ ಕೆಲಸ ನೋಡಿಕೊಳ್ಳುತ್ತದೆ. ಸೆಕೆಂಡಿಗೆ ಸುಮಾರು ಹತ್ತು ಸಲ ಅದು ರೇಡಿಯೊ ಮೂಲಕ ಜಾಲದ ಹೆಸರು ಸಾರುತ್ತದೆ. ಫೋನಿನ ಪರದೆಯಲ್ಲಿ ಕಾಣುವ ವೈಫೈ ಹೆಸರುಗಳ ಪಟ್ಟಿ ಈ ಸಾರುವಿಕೆಯಿಂದ ಹುಟ್ಟಿದ್ದು.

ಸೇರಲು ಬಂದ ಫೋನಿಗೆ ಪಾಸ್‌ವರ್ಡ್ ಗೊತ್ತಿದೆಯೇ ಎಂಬ ಪರೀಕ್ಷೆ ನಡೆಯುತ್ತದೆ. ಇದರಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ. ಫೋನು ಮತ್ತು ಪೈ ಎರಡೂ ಪಾಸ್‌ವರ್ಡು ಹಾಗೂ ಜಾಲದ ಹೆಸರಿನಿಂದ ಒಂದು ಗುಪ್ತ ಸಂಖ್ಯೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತವೆ. ಆಮೇಲೆ ನಾಲ್ಕು ಚಿಕ್ಕ ಸಂದೇಶ ಬದಲಿಸಿಕೊಂಡು, ಇಬ್ಬರ ಬಳಿಯೂ ಅದೇ ಸಂಖ್ಯೆ ಇದೆಯೆಂದು ಖಚಿತಪಡಿಸಿಕೊಳ್ಳುತ್ತವೆ. 2004ರಿಂದ ಬಳಕೆಯಲ್ಲಿರುವ ಡಬ್ಲ್ಯೂಪಿಎ2 ಪದ್ಧತಿ ಇದೇ. ಪಾಸ್‌ವರ್ಡಿಗೆ ಕನಿಷ್ಠ 8 ಅಕ್ಷರ ಬೇಕು. ಊರಿನ ಹೆಸರು, ಫೋನ್ ನಂಬರುಗಳಂಥ ಊಹಿಸಬಲ್ಲ ಪದಗಳನ್ನು ಬಿಟ್ಟು ಉದ್ದವಾದದ್ದನ್ನು ಇಟ್ಟರೆ ಭದ್ರ.

ರೇಡಿಯೊ ಅಲೆ ಎಲ್ಲರಿಗೂ ಸೇರಿದ್ದು. ಅದರ ಬಳಕೆಗೆ ಕಾನೂನಿದೆ. ಭಾರತದಲ್ಲಿ 2.4 ಗಿಗಾಹರ್ಟ್ಜ್ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. 2018ರಲ್ಲಿ 5 ಗಿಗಾಹರ್ಟ್ಜ್ ಪಟ್ಟಿಯ ದೊಡ್ಡ ಭಾಗವೂ ಹಾಗೆಯೇ ತೆರೆಯಿತು. ಪೈ ವೈಫೈ ಚಾಲೂ ಮಾಡುವ ಮೊದಲು ದೇಶ ಭಾರತ ಎಂದು ತಿಳಿಸಬೇಕಾಗುವುದು ಇದಕ್ಕಾಗಿಯೇ. ಯಾವ ಚಾನೆಲ್, ಎಷ್ಟು ಶಕ್ತಿ ಎಂಬುದನ್ನು ಅದು ದೇಶ ನೋಡಿ ನಿರ್ಧರಿಸುತ್ತದೆ. 2.4 ಗಿಗಾಹರ್ಟ್ಜ್‌ನಲ್ಲಿ 1, 6 ಮತ್ತು 11ನೇ ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ನೆರೆಮನೆಯ ವೈಫೈ 6ರಲ್ಲಿದ್ದರೆ ಈ ಮನೆಯದನ್ನು 1ಕ್ಕೋ 11ಕ್ಕೋ ಇಡುವುದು ಇಬ್ಬರಿಗೂ ಒಳ್ಳೆಯದು.

ಮೂರನೆಯದು: ವಿಳಾಸ ಹಂಚುವುದು, ಹೆಸರು ಹುಡುಕುವುದು

ಜಾಲಕ್ಕೆ ಸೇರಿದ ಫೋನಿಗೆ ಇನ್ನೂ ವಿಳಾಸ ಇರುವುದಿಲ್ಲ. ಅದು ನನಗೊಂದು ವಿಳಾಸ ಬೇಕು ಎಂದು ಇಡೀ ಜಾಲಕ್ಕೆ ಕೇಳುವಂತೆ ಸಾರುತ್ತದೆ. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ಪ್ರೋಗ್ರಾಮು ಉತ್ತರ ಕೊಡುತ್ತದೆ: 192.168.10.21 ನಿನ್ನದು, ಹನ್ನೆರಡು ಗಂಟೆ ಬಳಸು, ಹೊರಗೆ ಹೋಗುವುದಿದ್ದರೆ 192.168.10.1ಕ್ಕೆ ಕೊಡು. ಆ ಕೊನೆಯ ಸಂಖ್ಯೆ ಪೈನದೇ ವಿಳಾಸ. ಈ ಕೆಲಸಕ್ಕೆ ತಂತ್ರಜ್ಞರು ಡಿಎಚ್‌ಸಿಪಿ ಎನ್ನುತ್ತಾರೆ; ವಿಳಾಸ ಹಂಚಿಕೆ ಎಂದರೆ ಸಾಕು.

ಇದೇ ಪ್ರೋಗ್ರಾಮು ಹೆಸರು ಹುಡುಕುವ ಕೆಲಸವನ್ನೂ ಮಾಡುತ್ತದೆ. ಮನುಷ್ಯರು ಜಾಲತಾಣವನ್ನು ಹೆಸರಿನಿಂದ ಕರೆಯುತ್ತಾರೆ, ಪೊಟ್ಟಣಕ್ಕೆ ಬೇಕಾಗುವುದು ಸಂಖ್ಯೆ. ಒಮ್ಮೆ ಕೇಳಿ ತಿಳಿದುಕೊಂಡ ಸಂಖ್ಯೆಯನ್ನು ಪೈ ಕೆಲಹೊತ್ತು ನೆನಪಿಟ್ಟುಕೊಂಡು, ಮನೆಯ ಮುಂದಿನ ಫೋನು ಅದೇ ಹೆಸರು ಕೇಳಿದಾಗ ತಾನೇ ಹೇಳಿಬಿಡುತ್ತದೆ.

192.168 ಎಂದು ಆರಂಭವಾಗುವ ವಿಳಾಸಗಳಿಗೆ ಒಂದು ವಿಶೇಷವಿದೆ. ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ಸಂಖ್ಯೆಗಳು ಮಾತ್ರ ಸಾಧ್ಯ. ಲೋಕದ ಎಲ್ಲ ಫೋನು, ಗಣಕ, ಟಿವಿಗಳಿಗೆ ಅವು ಸಾಲವು. ವಿವಿಧ ಖಂಡಗಳಿಗೆ ಹಂಚಲು ಉಳಿದಿದ್ದ ಕೊನೆಯ ಕಂತು 2011ರ ಫೆಬ್ರವರಿ 3ರಂದು ಮುಗಿದುಹೋಯಿತು. ಈ ಕೊರತೆ ಮೊದಲೇ ಕಂಡಿದ್ದ ತಜ್ಞರು 1990ರ ದಶಕದಲ್ಲೇ ಮೂರು ಗುಂಪಿನ ಸಂಖ್ಯೆಗಳನ್ನು ಖಾಸಗಿ ಎಂದು ಮೀಸಲಿಟ್ಟರು. ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು, ಆದರೆ ಹೊರಜಾಲದಲ್ಲಿ ಅವು ಸಾಗುವಂತಿಲ್ಲ. ಉಮದಿಯ ಫೋನಿಗೂ ಲಂಡನ್ನಿನ ಫೋನಿಗೂ ಒಂದೇ ಸಂಖ್ಯೆ ಇರುವುದು ಹೀಗೆ.

ಇದರಿಂದ ಸಮಸ್ಯೆ ಇನ್ನಷ್ಟು ಬಿಗಿಯಾಗುತ್ತದೆ. 192.168.10.21ರಿಂದ ಹೊರಟ ಪೊಟ್ಟಣ ದೂರದ ಸರ್ವರ್ ಮುಟ್ಟಿದರೂ, ಉತ್ತರವನ್ನು ಆ ವಿಳಾಸಕ್ಕೆ ಕಳಿಸಲು ಹೊರಜಾಲದಲ್ಲಿ ದಾರಿಯೇ ಇಲ್ಲ.

ನಾಲ್ಕನೆಯದು: ವಿಳಾಸ ಬದಲಿಸಿ, ವಹಿಯಲ್ಲಿ ಬರೆದಿಡುವುದು

ರೂಟರಿನ ಜೀವಾಳ ಇಲ್ಲಿದೆ. ದೊಡ್ಡ ಕೂಡುಕುಟುಂಬದ ಒಂದು ವಾಡೆಯನ್ನು ನೆನೆಯೋಣ. ಅಂಚೆಯವರಿಗೆ ಗೊತ್ತಿರುವುದು ವಾಡೆಯ ವಿಳಾಸ ಒಂದೇ. ಒಳಗಿನ ಕೋಣೆಗಳು ಅವರಿಗೆ ತಿಳಿಯವು. ತಲಬಾಗಿಲಲ್ಲಿ ಒಬ್ಬ ಹಿರಿಯರು ವಹಿ ಹಿಡಿದು ಕೂತಿದ್ದಾರೆ. ಒಳಗಿನವರು ಪತ್ರ ಬರೆದು ತಂದರೆ, ಹಿಂದಿನ ಕೋಣೆ ಎಂದಿದ್ದ ಕಳಿಸಿದವರ ವಿಳಾಸ ಹೊಡೆದು ವಾಡೆಯ ವಿಳಾಸ ಬರೆಯುತ್ತಾರೆ, ಪಕ್ಕದಲ್ಲಿ ಒಂದು ಕ್ರಮಸಂಖ್ಯೆ ಹಾಕುತ್ತಾರೆ. ವಹಿಯಲ್ಲಿ ಆ ಸಂಖ್ಯೆಯ ಮುಂದೆ ಯಾವ ಕೋಣೆ, ಯಾರಿಗೆ ಬರೆದದ್ದು ಎಂದು ಗುರುತು ಹಾಕಿಕೊಳ್ಳುತ್ತಾರೆ. ಉತ್ತರ ಬರೆಯುವವರು ಆ ಕ್ರಮಸಂಖ್ಯೆಯನ್ನು ಹಾಗೆಯೇ ನಮೂದಿಸುತ್ತಾರೆ. ಉತ್ತರ ಬಂದಾಗ ಹಿರಿಯರು ವಹಿ ತೆರೆದು ಸರಿಯಾದ ಕೋಣೆಗೆ ತಲುಪಿಸುತ್ತಾರೆ.

ಪೈ ಮಾಡುವುದು ಇಷ್ಟನ್ನೇ. ಕ್ರಮಸಂಖ್ಯೆಯ ಜಾಗದಲ್ಲಿ ಅದು ಬಳಸುವುದು ದ್ವಾರಸಂಖ್ಯೆಯನ್ನು. ತಂತ್ರಜ್ಞರು ಇದನ್ನು ಪೋರ್ಟ್ ಎನ್ನುತ್ತಾರೆ. ಪ್ರತಿ ಪೊಟ್ಟಣದಲ್ಲಿ ವಿಳಾಸದ ಜೊತೆಗೆ 0ಯಿಂದ 65,535ರೊಳಗಿನ ಒಂದು ದ್ವಾರಸಂಖ್ಯೆ ಇರುತ್ತದೆ. ವಿದ್ಯಾರ್ಥಿನಿಯ ಫೋನು 192.168.10.21, ದ್ವಾರ 51000 ಎಂದು ಬರೆದು ಪೊಟ್ಟಣ ಕಳಿಸುತ್ತದೆ. ಅಣ್ಣನ ಫೋನು 192.168.10.22, ಕಾಕತಾಳೀಯವಾಗಿ ಅದೇ 51000 ದ್ವಾರ ಎಂದು ಬರೆದು, ಅದೇ ಸರ್ವರಿಗೆ ಕಳಿಸುತ್ತದೆ. ಪೈ ಮೊದಲನೆಯದರಲ್ಲಿ ಫೋನಿನ ವಿಳಾಸ ಅಳಿಸಿ ತನ್ನ ಹೊರವಿಳಾಸ ಬರೆಯುತ್ತದೆ, ದ್ವಾರ 51000 ಇರಲಿ ಎಂದು ಬಿಡುತ್ತದೆ. ಎರಡನೆಯದಕ್ಕೆ ಹೊರವಿಳಾಸದ ಜೊತೆಗೆ ದ್ವಾರವನ್ನೂ ಬದಲಿಸಿ, ಖಾಲಿ ಇರುವ ಇನ್ನೊಂದು ಸಂಖ್ಯೆ ಕೊಡುತ್ತದೆ. ಎರಡು ಸಾಲುಗಳು ಅದರ ಸಂಪರ್ಕ ಪಟ್ಟಿಗೆ ಸೇರುತ್ತವೆ.

ಸರ್ವರಿಗೆ ಕಾಣುವುದು ಒಂದೇ ವಿಳಾಸದ ಎರಡು ದ್ವಾರಗಳು. ಅದು ಎರಡಕ್ಕೂ ಬೇರೆ ಬೇರೆಯಾಗಿ ಉತ್ತರಿಸುತ್ತದೆ. ಉತ್ತರ ಬಂದೊಡನೆ ಪೈ ಪಟ್ಟಿ ನೋಡಿ, ಹೊರವಿಳಾಸವನ್ನು ಅಳಿಸಿ ಫೋನಿನ ಒಳವಿಳಾಸ ಬರೆದು, ರೇಡಿಯೊದ ಮೂಲಕ ದಾಟಿಸುತ್ತದೆ. ಸಾವಿರಾರು ಪೊಟ್ಟಣಗಳು ಬೆರೆತು ಬಂದರೂ ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಮಾತುಕತೆ ಮುಗಿದು ಕೆಲಹೊತ್ತಾದರೆ ಸಾಲು ಅಳಿದು, ದ್ವಾರ ಮತ್ತೊಬ್ಬರಿಗೆ ಸಿಗುತ್ತದೆ. ಈ ವಿಧಾನಕ್ಕೆ ನ್ಯಾಟ್ ಎಂದು ಹೆಸರು; ವಿಳಾಸ ಬದಲಾವಣೆ ಎನ್ನಬಹುದು. ಆರಂಭದ ಪ್ರಶ್ನೆಗೆ ಉತ್ತರ ಈ ಪಟ್ಟಿಯೇ.

ಪೈ ದಾಟಿದ ಮೇಲೂ ಇದೇ ಕ್ರಮ ಮತ್ತೆ ನಡೆಯಬಹುದು. ಫೈಬರ್ ಪೆಟ್ಟಿಗೆಯೂ ಒಂದು ರೂಟರ್ ಆಗಿದ್ದರೆ ಅದು ಇನ್ನೊಮ್ಮೆ ವಿಳಾಸ ಬದಲಿಸುತ್ತದೆ. ಸಾರ್ವಜನಿಕ ವಿಳಾಸಗಳು ಸಾಲದ ಕಂಪನಿಗಳು ನೂರಾರು ಮನೆಗಳನ್ನು ಒಂದು ವಿಳಾಸದ ಹಿಂದೆ ಕೂರಿಸುತ್ತವೆ. ಅದಕ್ಕಾಗಿ 2012ರಲ್ಲಿ 100.64 ಎಂದು ಆರಂಭವಾಗುವ ಒಂದು ಗುಂಪನ್ನೇ ಮೀಸಲಿಡಲಾಯಿತು. ಹೊಸ ಪದ್ಧತಿಯಾದ ಐಪಿವಿ6ರಲ್ಲಿ ವಿಳಾಸಗಳಿಗೆ ಬರವಿಲ್ಲ. ಪ್ರತಿ ಫೋನಿಗೂ ಲೋಕದಲ್ಲಿ ಬೇರೆಲ್ಲೂ ಇಲ್ಲದ ಸ್ವಂತ ಸಂಖ್ಯೆ ಸಿಗುವುದರಿಂದ ಅಲ್ಲಿ ಈ ಬದಲಾವಣೆ ಬೇಕಿಲ್ಲ.

ಐದನೆಯದು: ಕಾವಲು

ಸಂಪರ್ಕ ಪಟ್ಟಿಯಿಂದ ಇನ್ನೊಂದು ಲಾಭವಿದೆ. ಹೊರಗಿನಿಂದ ಬಂದ ಪೊಟ್ಟಣಕ್ಕೆ ಪಟ್ಟಿಯಲ್ಲಿ ಸಾಲಿಲ್ಲದಿದ್ದರೆ, ಒಳಗಿನವರು ಯಾರೂ ಅದನ್ನು ಕೇಳಿಲ್ಲ ಎಂದರ್ಥ. ತಡೆಗೋಡೆ ಎಂಬ ನಿಯಮಗಳ ಗುಂಪು ಅಂಥ ಪೊಟ್ಟಣವನ್ನು ಕೈಬಿಡುತ್ತದೆ. ಒಳಗಿನಿಂದ ಹೊರಟ ಮಾತಿಗೆ ಉತ್ತರ ಬರಬಹುದು, ಹೊರಗಿನವರು ತಾವಾಗಿ ಮಾತು ಆರಂಭಿಸುವಂತಿಲ್ಲ ಎಂಬ ಒಂದೇ ನಿಯಮ ಮನೆಯ ಕ್ಯಾಮೆರಾ, ಟಿವಿ, ಗಣಕಗಳನ್ನು ಬಹುಪಾಲು ಕಾಯುತ್ತದೆ. ಐಪಿವಿ6ರಲ್ಲಿ ವಿಳಾಸ ಬದಲಿಸದಿದ್ದರೂ ಈ ನಿಯಮ ಬೇಕೇ ಬೇಕು.

ಜೋಡಿಸುವ ಕ್ರಮ

ಕೆಲಸಗಳು ಅರ್ಥವಾದ ಮೇಲೆ ಜೋಡಣೆ ಸುಲಭ. ಪೈ ಮಾದರಿಗೆ ತಕ್ಕ ಓಪನ್‌ಡಬ್ಲ್ಯೂಆರ್‌ಟಿ ಕಡತವನ್ನು ಇನ್ನೊಂದು ಗಣಕದಲ್ಲಿ ಇಳಿಸಿಕೊಂಡು ಮೆಮೊರಿ ಕಾರ್ಡಿಗೆ ಬರೆಯಬೇಕು. ಕಾರ್ಡು ಹಾಕಿ, ಪೈಯಿಂದ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿ, ಬ್ರೌಸರಿನಲ್ಲಿ 192.168.1.1 ತೆರೆದರೆ ನಿರ್ವಹಣೆಯ ಪುಟ ಬರುತ್ತದೆ. ಮೊದಲು ಅಲ್ಲಿ ನಿರ್ವಾಹಕನ ಪಾಸ್‌ವರ್ಡ್ ಇಡಬೇಕು.

ಮುಂದಿನ ಎರಡು ಹೆಜ್ಜೆಗಳಲ್ಲಿ ಎಚ್ಚರ ಬೇಕು. ಫೈಬರ್ ಪೆಟ್ಟಿಗೆಯೂ ಬಹಳ ಸಲ 192.168.1.1 ವಿಳಾಸವನ್ನೇ ಬಳಸುತ್ತದೆ. ಎರಡೂ ಕಡೆ ಒಂದೇ ಗುಂಪಿನ ವಿಳಾಸವಿದ್ದರೆ ಪೊಟ್ಟಣವನ್ನು ಯಾವ ಕಡೆ ಕಳಿಸುವುದೆಂದು ಪೈಗೆ ತಿಳಿಯದು. ಆದ್ದರಿಂದ ಪೈನ ಮನೆಜಾಲವನ್ನು 192.168.10.1ಕ್ಕೆ ಬದಲಿಸಬೇಕು. ಇನ್ನೊಂದು, ಪೈನ ಒಂದೇ ತಂತಿಕಿಂಡಿಯನ್ನು ಓಪನ್‌ಡಬ್ಲ್ಯೂಆರ್‌ಟಿ ಆರಂಭದಲ್ಲಿ ಮನೆಜಾಲಕ್ಕೆ ಕೊಟ್ಟಿರುತ್ತದೆ, ವೈಫೈ ಮುಚ್ಚಿರುತ್ತದೆ. ದೇಶ, ಹೆಸರು, ಪಾಸ್‌ವರ್ಡ್ ಕೊಟ್ಟು ಮೊದಲು ವೈಫೈ ಚಾಲೂ ಮಾಡಿ, ಅದರ ಮೂಲಕವೇ ನಿರ್ವಹಣೆಯ ಪುಟ ತೆರೆಯುತ್ತದೆಯೇ ನೋಡಬೇಕು. ಆಮೇಲಷ್ಟೇ ತಂತಿಕಿಂಡಿಯನ್ನು ಹೊರಜಾಲಕ್ಕೆ ಬದಲಿಸಬೇಕು. ಕ್ರಮ ತಪ್ಪಿದರೆ ಪೈ ಒಳಹೋಗಲು ಯಾವ ದಾರಿಯೂ ಉಳಿಯದೆ ಕಾರ್ಡನ್ನು ಹೊಸದಾಗಿ ಬರೆಯಬೇಕಾಗುತ್ತದೆ.

ಕಲ್ಲಿನ ಗೋಡೆ, ಬೇಸಿಗೆ, ಕರೆಂಟು

ಜತ್ತ ಮತ್ತು ವಿಜಯಪುರ ಸೀಮೆಯ ಹಳೆಯ ಮನೆಗಳ ಗೋಡೆ ದಪ್ಪ ಕಲ್ಲಿನದು. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 5 ಗಿಗಾಹರ್ಟ್ಜ್‌ನದು ಅದರ ಅರ್ಧ. ಕಲ್ಲು, ಮಣ್ಣು ದಾಟುವಾಗ ಎರಡೂ ಬಲ ಕಳೆದುಕೊಳ್ಳುತ್ತವೆ, ಎರಡನೆಯದು ಹೆಚ್ಚು. ಪೈನ ಅಂಟೆನಾ ಹಲಗೆಯ ಮೇಲಿನ ಒಂದು ಚಿಕ್ಕ ಗುರುತಷ್ಟೆ. ಅದರ ವ್ಯಾಪ್ತಿ ಒಂದೆರಡು ಕೋಣೆಗೆ, ಕೆಲವೇ ಫೋನುಗಳಿಗೆ ಸಾಕು. ಲೋಹದ ಪೆಟ್ಟಿಗೆಯಲ್ಲಿಟ್ಟರೆ ಅದೂ ಕುಗ್ಗುತ್ತದೆ. ಮನೆ ದೊಡ್ಡದಿದ್ದರೆ ಪೈ ವಿಳಾಸ, ಪಟ್ಟಿ, ಕಾವಲಿನ ಕೆಲಸ ಮಾಡಲಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ರೂಟರಿಗೆ ರೇಡಿಯೊ ಕೆಲಸ ಮಾತ್ರ ಕೊಟ್ಟು, ಯುಎಸ್‌ಬಿಗೆ ಹಾಕುವ ಇನ್ನೊಂದು ತಂತಿಕಿಂಡಿಯಿಂದ ಪೈಗೆ ಜೋಡಿಸಬಹುದು.

ಚಿಪ್ಪಿನ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟತೊಡಗಿದರೆ ಪೈ ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಹೊರಗೆ 40 ಡಿಗ್ರಿ ಬಿಸಿಲಿರುವ ಬೇಸಿಗೆಯಲ್ಲಿ ಮುಚ್ಚಿದ ಕಪಾಟು ಅದಕ್ಕೆ ತಕ್ಕ ಜಾಗವಲ್ಲ. ಚಿಪ್ಪಿಗೆ ಅಂಟಿಸುವ ಅಲ್ಯೂಮಿನಿಯಂ ತುಂಡು ಮತ್ತು ಗಾಳಿಯಾಡುವ ಗೂಡು ಎರಡೂ ಬೇಕು.

ಪೈ 4ಕ್ಕೆ ಬೇಕಾಗುವುದು 5 ವೋಲ್ಟ್, 3 ಆಂಪಿಯರ್ ಕೊಡಬಲ್ಲ ಅಡಾಪ್ಟರ್. ದುರ್ಬಲ ಚಾರ್ಜರಿನಿಂದ ವೋಲ್ಟೇಜು 4.63ಕ್ಕಿಂತ ಕೆಳಗಿಳಿದರೆ ಯಂತ್ರ ಎಚ್ಚರಿಕೆ ಕೊಡುತ್ತದೆ, ಕೆಲಸದಲ್ಲಿ ತಡವರಿಸುತ್ತದೆ. ನಿಜವಾಗಿ ಅದು ಬಳಸುವುದು ನಾಲ್ಕೈದು ವ್ಯಾಟ್ ಅಷ್ಟೆ. 10,000 ಮಿಲಿಆಂಪಿಯರ್ ಗಂಟೆಯ ಪವರ್‌ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್ ಗಂಟೆ ಶಕ್ತಿ ಇರುತ್ತದೆ. ಪರಿವರ್ತನೆಯ ನಷ್ಟ ಕಳೆದರೂ ಕರೆಂಟು ಹೋದಾಗ ಐದಾರು ಗಂಟೆ ಪೈ ನಡೆಯುತ್ತದೆ. ಚಾರ್ಜ್ ಆಗುತ್ತಲೇ ಶಕ್ತಿ ಕೊಡಬಲ್ಲ ಮಾದರಿಯನ್ನೇ ಆರಿಸಬೇಕು, ಫೈಬರ್ ಪೆಟ್ಟಿಗೆಗೂ ಬ್ಯಾಟರಿ ಇರಬೇಕು. ಕಾರ್ಡಿಗೆ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳು ಕೆಡುತ್ತವೆ. ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಮೂಲ ಭಾಗವನ್ನು ಓದಲು ಮಾತ್ರ ಬರುವಂತೆ ಇಡುವ ಆವೃತ್ತಿ ಇದೆ; ಈ ಸೀಮೆಗೆ ಅದೇ ಸೂಕ್ತ.

ಹೊರಗಿನ ತಂತಿ ಕಡಿದಾಗ

ಹೊರಸಂಪರ್ಕ ಕಡಿದರೂ ಮನೆಜಾಲ ಸಾಯುವುದಿಲ್ಲ. ವಿಳಾಸ ಹಂಚಿಕೆ, ರೇಡಿಯೊ, ಫೋನುಗಳ ನಡುವಿನ ದಾರಿ ಎಲ್ಲವೂ ಪೈ ಒಳಗೇ ಇರುವುದರಿಂದ, ಅದರಲ್ಲಿಟ್ಟ ಮಾಹಿತಿ ಎಲ್ಲ ಫೋನಿಗೂ ಸಿಗುತ್ತದೆ. ಕಿವಿಕ್ಸ್ ಎಂಬ ಮುಕ್ತ ತಂತ್ರಾಂಶ ಕನ್ನಡ ವಿಕಿಪೀಡಿಯವನ್ನು ಒಂದೇ ಕಡತವಾಗಿ ಕೊಡುತ್ತದೆ. ಪೈ ಮೇಲೆ ಓಪನ್‌ಡಬ್ಲ್ಯೂಆರ್‌ಟಿಯ ಬದಲು ಅದರ ಸ್ವಂತ ಕಾರ್ಯಾಚರಣ ವ್ಯವಸ್ಥೆಯಾದ ರಾಸ್ಪ್‌ಬೆರಿ ಪೈ ಓಎಸ್ ಹಾಕಿ, ಇದೇ ರೂಟರ್ ಪ್ರೋಗ್ರಾಮುಗಳ ಜೊತೆ ಕಿವಿಕ್ಸನ್ನೂ ಓಡಿಸಿದರೆ, ಇಂಟರ್ನೆಟ್ ಇಲ್ಲದ ತರಗತಿಯಲ್ಲೂ ಮಕ್ಕಳು ಕನ್ನಡದಲ್ಲಿ ಓದಬಹುದು. ಮಹಾರಾಷ್ಟ್ರದ ಕನ್ನಡ ಮಾಧ್ಯಮ ಶಾಲೆಗಳಿಗೆ ಪುಣೆಯ ಬಾಲಭಾರತಿ ಕನ್ನಡದಲ್ಲೇ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಆ ಪುಸ್ತಕಗಳಾಚೆಯ ಕನ್ನಡ ಓದು ಗಡಿಯ ಮಕ್ಕಳ ಕೈಗೆ ಸುಲಭವಾಗಿ ಸಿಗುವಂತೆ ಮಾಡಲು ಇದೊಂದು ದಾರಿ.

ಇದೇ ತತ್ತ್ವ ಮನೆಯಿಂದ ಊರಿಗೂ ಹಿಗ್ಗಬಲ್ಲದು. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಸಮುದಾಯವೇ ನಡೆಸುವ ನಿಸ್ತಂತು ಜಾಲ ಕಟ್ಟಿದೆ. ಒಂದು ರೂಟರ್ ಇನ್ನೊಂದಕ್ಕೆ ದಾಟಿಸುತ್ತ ಹೋಗುವ ಈ ಬಲೆಜಾಲದಲ್ಲಿ ಸ್ಥಳೀಯರ ಧ್ವನಿಮುದ್ರಣಗಳಂಥ ಮಾಹಿತಿ ಊರೊಳಗಿನ ಸಣ್ಣ ಗಣಕಗಳಲ್ಲೇ ಇರುತ್ತದೆ.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ನಾಲ್ಕು ಫೋನಿಗೆ ವೈಫೈ ಸಿಕ್ಕರೆ ಸಾಕು ಎನ್ನುವ ಮನೆಗೆ ಅಂಗಡಿಯ ರೂಟರೇ ಲೇಸು. ಅದರ ಅಂಟೆನಾ ದೊಡ್ಡದು, ತಂತಿಕಿಂಡಿ ಹೆಚ್ಚು, ಒಟ್ಟು ಖರ್ಚು ಕಡಿಮೆ. ಪೈ ಒಪ್ಪುವುದು ಮನೆಜಾಲದಲ್ಲಿ ಏನು ನಡೆಯುತ್ತಿದೆ ಎಂದು ನೋಡಲು, ನಿಯಮಗಳನ್ನು ತಾವೇ ಬರೆಯಲು, ಅದೇ ಯಂತ್ರದಲ್ಲಿ ಓದುವ ಸಾಮಗ್ರಿ ಇಡಲು ಬಯಸುವವರಿಗೆ. ಹಾಗೆ ಆರಿಸಿದ ಮೇಲೆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸುವ ಹೊಣೆಯೂ ಮನೆಯವರದೇ. ನವೀಕರಿಸದ ರೂಟರ್ ಯಾವುದಾದರೂ ಅಪಾಯವೇ. ಅಂಗಡಿಯದ್ದಿರಲಿ, ಕೈಯಾರೆ ಕಟ್ಟಿದ್ದಿರಲಿ, ಒಳಗಿನ ಕೆಲಸ ಮಾತ್ರ ಒಂದೇ: ರೇಡಿಯೊದಿಂದ ಜಾಲ ಹರಡುವುದು, ವಿಳಾಸ ಹಂಚುವುದು, ಹೆಸರು ಹುಡುಕಿಕೊಡುವುದು, ಹೊರಡುವ ಪ್ರತಿ ಪೊಟ್ಟಣದ ವಿಳಾಸ ಬದಲಿಸಿ ಪಟ್ಟಿಯಲ್ಲಿ ಬರೆದಿಡುವುದು, ಪಟ್ಟಿಯಲ್ಲಿಲ್ಲದ್ದನ್ನು ತಡೆಯುವುದು.